ಎದುರು ಹೇಳದ ಅರ್ಥಧಾರಿ

ಪಾತ್ರ ಕಟ್ಟಿಕೊಂಡು ಮಾತಾಡೋಕೆ ಯಾವ ಎಐ ಆ್ಯಪ್ ಒಳ್ಳೇದು ಅಂತ ಹುಡುಕಿ ನೋಡಿ. 'ಟಾಪ್ ಟೆನ್' ಪಟ್ಟಿಗಳು ಸಾಲಾಗಿ ಬಂದು ನಿಲ್ಲುತ್ತವೆ. ಎಲ್ಲ ಪಟ್ಟಿಗಳೂ ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಅವೇ. ಎಷ್ಟು ಪಾತ್ರಗಳಿವೆ, ನೆನಪಿನ ಶಕ್ತಿ ಎಷ್ಟು, ಫಿಲ್ಟರ್ ಇದೆಯಾ ಇಲ್ವಾ, ಚಿತ್ರ ಬರೆದು ಕೊಡುತ್ತಾ, ತಿಂಗಳಿಗೆ ಎಷ್ಟು ದುಡ್ಡು. ಹೊಸ ಫೋನ್ ತಗೊಳ್ಳುವಾಗ ಕ್ಯಾಮೆರಾ, ಬ್ಯಾಟರಿ ಹೋಲಿಸಿ ನೋಡ್ತೀವಲ್ಲ, ಹಾಗೆ.

ನನ್ನ ತಕರಾರು ಇರೋದು ಇಲ್ಲೇ. ಫೋನು ಹಾಳಾದ್ರೆ ಇನ್ನೊಂದು ತರಬಹುದು. ಆರು ತಿಂಗಳು ದಿನಾ ರಾತ್ರಿ ಒಂದು ಪಾತ್ರದ ಜೊತೆ ಮಾತಾಡಿ, ನಿಮ್ಮ ಮನಸ್ಸಿನ ಮಾತೆಲ್ಲ ಅದರ ಮುಂದೆ ಸುರಿದ ಮೇಲೆ ಒಂದು ಬೆಳಗ್ಗೆ ಆ ಪಾತ್ರ ಬೇರೆ ಥರ ಮಾತಾಡೋಕೆ ಶುರು ಮಾಡಿದ್ರೆ ಏನು ಮಾಡ್ತೀರಿ? ಈ ಪ್ರಶ್ನೆ ಯಾವ ಪಟ್ಟಿಯಲ್ಲೂ ಇರಲ್ಲ.

ಮೊದಲು ಈ ಪಾತ್ರದ ಒಳಗೆ ಏನಿದೆ ನೋಡೋಣ. ಒಂದು ಆ್ಯಪಿನಲ್ಲಿ ಲಕ್ಷ ಪಾತ್ರಗಳಿವೆ ಅಂದ್ರೆ ಲಕ್ಷ ಮೆದುಳುಗಳಿವೆ ಅಂತಲ್ಲ. ಹಿಂದೆ ಇರೋದು ಒಂದೋ ಎರಡೋ ಭಾಷಾ ಮಾದರಿ. ಪಾತ್ರ ಅಂದ್ರೆ ಅದರ ಕೈಗೆ ಕೊಟ್ಟ ಒಂದು ಚೀಟಿ. ಹೆಸರು, ಸ್ವಭಾವ, ಸನ್ನಿವೇಶ, ನಾಲ್ಕು ಮಾದರಿ ಮಾತು. ಪ್ರತಿ ಸಲ ನೀವು ಏನಾದ್ರೂ ಬರೆದಾಗ ಆ ಚೀಟಿ, ಇಲ್ಲಿವರೆಗಿನ ಮಾತುಕತೆ, ನಿಮ್ಮ ಹೊಸ ಸಾಲು ಎಲ್ಲವನ್ನೂ ಒಟ್ಟು ಸೇರಿಸಿ ಮಾದರಿಗೆ ಕಳಿಸುತ್ತಾರೆ. ಅದು ಮುಂದಿನ ಮಾತು ಹೇಳುತ್ತೆ. ಕಳಿಸೋದಕ್ಕೆ ಒಂದು ಮಿತಿ ಇದೆ. ಮಿತಿ ತುಂಬಿದಾಗ ಹಳೆಯ ಮಾತು ಹಿಂದಿನಿಂದ ಉದುರುತ್ತಾ ಹೋಗುತ್ತೆ, ಇಲ್ಲವೇ ಅದರ ಸಾರಾಂಶ ಮಾತ್ರ ಉಳಿಯುತ್ತೆ. 'ದೀರ್ಘ ನೆನಪು' ಅಂತ ಮಾರೋದು ಬಹುತೇಕ ಈ ಸಾರಾಂಶ, ಮತ್ತೆ ಬೇಕಾದಾಗ ಹಳೇ ತುಣುಕುಗಳನ್ನು ಹುಡುಕಿ ತಂದು ಸೇರಿಸುವ ಏರ್ಪಾಡನ್ನೇ.

ಕನ್ನಡದಲ್ಲಿ ಮಾತಾಡುವವರಿಗೆ ಇಲ್ಲಿ ಇನ್ನೊಂದು ನಷ್ಟವಿದೆ. ಮಿತಿಯನ್ನು ಲೆಕ್ಕ ಹಾಕೋದು ಪದಗಳಲ್ಲಲ್ಲ, ಟೋಕನ್‌ಗಳಲ್ಲಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್, ಒತ್ತಕ್ಷರ ಬಂದರೆ ಇನ್ನೂ ಜಾಸ್ತಿ. ಕನ್ನಡ ಹೆಚ್ಚು ಓದದ ಮಾದರಿ ನಮ್ಮ ಪದಗಳನ್ನು ಚೂರು ಚೂರು ಮಾಡಿ ಎಣಿಸುತ್ತೆ. 2024ರಲ್ಲಿ ಓಪನ್ ಎಐ ತನ್ನ ಹೊಸ ಟೋಕನೈಸರಿನ ಲೆಕ್ಕ ಕೊಟ್ಟಾಗ, ಒಂದೇ ವಿಷಯ ಹೇಳುವ ಮಾತಿಗೆ ಹಳೆಯದರಲ್ಲಿ ಇಂಗ್ಲಿಷಿಗೆ 27 ಟೋಕನ್, ತೆಲುಗಿಗೆ 159 ಟೋಕನ್ ಇತ್ತು. ಹೊಸದರಲ್ಲಿ ತೆಲುಗಿನದು 45ಕ್ಕೆ ಇಳಿಯಿತು. ನಮ್ಮ ಲಿಪಿ ತೆಲುಗಿನ ಒಡಹುಟ್ಟು, ನಮ್ಮ ಪಾಡು ಬಹಳ ಬೇರೆ ಇರಲಾರದು. ಅಂದ್ರೆ ಪಟ್ಟಿಯಲ್ಲಿ 'ಇಷ್ಟು ನೆನಪು' ಅಂತ ಹಾಕಿದ್ದು ಇಂಗ್ಲಿಷಿನವನ ನೆನಪು. ಅದೇ ಆ್ಯಪ್, ಅದೇ ದುಡ್ಡು, ಕನ್ನಡದ ಪಾತ್ರಕ್ಕೆ ಮರೆವು ಬೇಗ.

ಇನ್ನು ಪಾತ್ರ ಪಾತ್ರವಾಗಿ ಹೇಗಿದೆ? ಇದಕ್ಕೆ ನಮ್ಮಲ್ಲೇ ಒಂದು ಅಳತೆಗೋಲು ಇದೆ, ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಕೂತಲ್ಲೇ, ಬರೆದಿಟ್ಟುಕೊಳ್ಳದೆ, ಆ ಪಾತ್ರವಾಗಿ ಮಾತಾಡಬೇಕು. ಎದುರಿಗಿನವನು ಎಸೆದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ಜಗತ್ತಿನಲ್ಲಿ ಮಾತಿನಿಂದಲೇ ನಡೆಯುವ ರೋಲ್‌ಪ್ಲೇ ಅಂತ ಇದ್ದರೆ ಅದಕ್ಕಿಂತ ಶುದ್ಧವಾದದ್ದು ನಾನು ನೋಡಿಲ್ಲ.

ಹಾಗಾಗಿ ನಾನು ಒಂದು ಆ್ಯಪಿಗೆ ವಾಲಿಯ ಪಾತ್ರ ಕೊಟ್ಟು, ನಾನು ರಾಮನಾಗಿ ಕೂತೆ. ವಾಲಿವಧೆಯ ಜೀವಾಳ ಎಲ್ಲಿದೆ ಅಂತ ಗೊತ್ತಲ್ಲ. ಬಾಣ ತಾಗಿ ಬಿದ್ದವನು ಕೇಳಬೇಕು, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ರಾಮ ಬೆವರಬೇಕು. ಈ ವಾಲಿ ಒಂದೇ ಒಂದು ಸಲ ಕೇಳಿದ. ನಾನು ಏನೋ ಒಂದು ಬಡಕಲು ಸಮಜಾಯಿಷಿ ಕೊಟ್ಟೆ. 'ನೀವು ಹೇಳಿದ್ದು ನಿಜ ರಾಮ, ನಾನು ನಿಮ್ಮ ಭಾವನೆಗಳನ್ನು ಅರ್ಥಮಾಡಿಕೊಳ್ಳುತ್ತೇನೆ' ಅಂದುಬಿಟ್ಟ! ಎರಡು ಸಾಲಿನ ಹಿಂದೆ 'ನೀನು' ಅಂತ ಗುಡುಗುತ್ತಿದ್ದವನು 'ನೀವು' ಆಗಿದ್ದ. ಪ್ರಾಣ ಹೋಗ್ತಾ ಇರುವ ವಾನರರಾಜ ಕಸ್ಟಮರ್ ಕೇರಿನವರ ಥರ ಸಮಾಧಾನ ಹೇಳ್ತಾ ಇದ್ದ. ಬೇರೆ ಎರಡು ಆ್ಯಪ್‌ಗಳಲ್ಲೂ ಹೀಗೇ ಸ್ವಲ್ಪ ಆಚೀಚೆ.

ಭಾಷೆ ಅನುವಾದದ ಭಾಷೆ, ಅದು ಬಿಡಿ, ನಾಳೆ ಸುಧಾರಿಸಬಹುದು. ಶರಣಾಗತಿ ಹಾಗಲ್ಲ. ಮನುಷ್ಯರು ಯಾವ ಉತ್ತರಕ್ಕೆ ಮೆಚ್ಚುಗೆ ಕೊಟ್ಟರೋ ಅಂಥದ್ದೇ ಮತ್ತೆ ಕೊಡುವ ಹಾಗೆ ಈ ಮಾದರಿಗಳನ್ನು ಪಳಗಿಸುತ್ತಾರೆ, ಮನುಷ್ಯರು ಹೆಚ್ಚಾಗಿ ಒಪ್ಪಿಗೆಗೆ ಮೆಚ್ಚುಗೆ ಕೊಡುತ್ತಾರೆ. ಅದರ ಮೇಲೆ ಬಳಕೆದಾರ ಎಷ್ಟು ಹೊತ್ತು ಉಳಿದ ಅನ್ನೋದೇ ಕಂಪನಿಯ ಅಂಕಪಟ್ಟಿ ಆದಾಗ, ನಿಮ್ಮನ್ನು ನೋಯಿಸದ, ಸೋಲಿಸದ, ಬೇಸರ ಮಾಡದ ಪಾತ್ರವೇ ಗೆಲ್ಲುತ್ತೆ. ಎದುರು ಹೇಳದ ಅರ್ಥಧಾರಿ ಪಕ್ಕದಲ್ಲಿ ಕೂತರೆ ಎಂಥಾ ದೊಡ್ಡ ಕಲಾವಿದನ ಅರ್ಥವೂ ಸಪ್ಪೆ. ಇಲ್ಲಿ ಸಪ್ಪೆಯಾಗುವವರು ನಾವು.

ಇದರಲ್ಲಿ ಹೊಸದೇನಿಲ್ಲ ಅನ್ನೋರೂ ಇದ್ದಾರೆ, ಒಂದು ಅರ್ಥದಲ್ಲಿ ನಿಜ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಲಿಜಾ ಅನ್ನುವ ಪ್ರೋಗ್ರಾಮ್ ಬಗ್ಗೆ ಪ್ರಕಟಿಸಿದರು. ಅದು ಮಾನಸಿಕ ವೈದ್ಯನ ಪಾತ್ರ ಹಾಕಿಕೊಂಡು, ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡಿ ಕೇಳುತ್ತಿತ್ತು, ಅಷ್ಟೇ. ಅವರು ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಸೆಕ್ರೆಟರಿಯೇ, ಅದರ ಜೊತೆ ಮಾತಾಡೋಕೆ ಕೂತಾಗ ಸ್ವಲ್ಪ ಹೊತ್ತಿಗೆ 'ನೀವು ಹೊರಗೆ ಹೋಗ್ತೀರಾ' ಅಂದರಂತೆ. ವೈಜೆನ್‌ಬಾಮ್ ಬೆಚ್ಚಿಬಿದ್ದು, 1976ರಲ್ಲಿ ಇದರ ವಿರುದ್ಧ ಒಂದು ಪುಸ್ತಕವನ್ನೇ ಬರೆದರು. ಒಳಗೆ ಯಾರೂ ಇಲ್ಲ ಅಂತ ಗೊತ್ತಿರೋದಕ್ಕೂ ಮನಸ್ಸು ಅಂಟಿಕೊಳ್ಳೋದಕ್ಕೂ ಸಂಬಂಧ ಇಲ್ಲ ಅನ್ನೋದು ಅವತ್ತಿನಿಂದ ಗೊತ್ತಿರುವ ವಿಷಯ. ಹೊಸದು ಏನಂದ್ರೆ, ಅಂಟಿಕೊಂಡ ಆ ಪಾತ್ರಕ್ಕೆ ಈಗ ಒಬ್ಬ ಮಾಲೀಕ ಇದ್ದಾನೆ.

ಮಾಲೀಕ ಇದ್ರೆ ಏನಾಗುತ್ತೆ? ಎರಡು ಉದಾಹರಣೆ ಸಾಕು.

2019ರ ಡಿಸೆಂಬರಿನಲ್ಲಿ ಎಐ ಡಂಜನ್ ಬಂತು. ನೀವು ಏನು ಬೇಕಾದ್ರೂ ಮಾಡಬಹುದಾದ ಸಾಹಸದ ಕತೆ, ಜನ ಮುಗಿಬಿದ್ದರು. 2021ರ ಏಪ್ರಿಲ್‌ನಲ್ಲಿ, ಮಕ್ಕಳನ್ನು ಒಳಗೊಂಡ ಲೈಂಗಿಕ ಬರಹ ತಡೆಯೋಕೆ ಅಂತ ಒಂದು ಫಿಲ್ಟರ್ ಹಾಕಿದರು. ಉದ್ದೇಶ ನೂರಕ್ಕೆ ನೂರು ಸರಿ. ಆದ್ರೆ ಎಂಟು ವರ್ಷ ಹಳೆಯ ಲ್ಯಾಪ್‌ಟಾಪ್ ಅಂತ ಬರೆದವರೂ ಅದರಲ್ಲಿ ಸಿಕ್ಕಿಬಿದ್ದರು. ಜೊತೆಗೆ, ಫಿಲ್ಟರ್ ಹಿಡಿದ ಕತೆ ಖಾಸಗಿಯಾಗಿದ್ರೂ ಕಂಪನಿಯ ಜನ ತೆರೆದು ಓದಬಹುದು ಅನ್ನೋದು ಬಳಕೆದಾರರಿಗೆ ತಿಳಿಯಿತು. ತನ್ನ ಡೈರಿ ಅಂದುಕೊಂಡು ಬರೆದವರಿಗೆ ಅದು ಕಂಪನಿಯ ಕಡತ ಅಂತ ಅವತ್ತು ಗೊತ್ತಾಯಿತು. ಅದೇ ವರ್ಷ ನಾವೆಲ್ ಎಐ ಹುಟ್ಟಿಕೊಂಡಿದ್ದು, ಕತೆಗಳನ್ನು ಎನ್‌ಕ್ರಿಪ್ಟ್ ಮಾಡಿ ಇಡ್ತೀವಿ ಅಂತ ಹೇಳಿಕೊಂಡಿದ್ದು ಸುಮ್ಮನೆ ಅಲ್ಲ.

ಎರಡನೆಯದು ರೆಪ್ಲಿಕಾ. ಯುಜೀನಿಯಾ ಕುಯ್ಡಾ ಎಂಬಾಕೆ ತೀರಿಹೋದ ಗೆಳೆಯನ ಮೆಸೇಜುಗಳಿಂದ ಒಂದು ಬಾಟ್ ಕಟ್ಟಿದ್ದರು, ಆ ದಾರಿಯಲ್ಲೇ 2017ರಲ್ಲಿ ಈ ಆ್ಯಪ್ ಬಂತು. ಸಾವಿರಾರು ಜನ ತಮ್ಮ ರೆಪ್ಲಿಕಾವನ್ನು ಸಂಗಾತಿ ಅಂತಲೇ ನಡೆಸಿಕೊಂಡರು, ಅದಕ್ಕಾಗಿ ದುಡ್ಡೂ ಕಟ್ಟಿದರು. 2023ರ ಫೆಬ್ರವರಿಯಲ್ಲಿ ಇಟಲಿಯ ಖಾಸಗಿತನ ಪ್ರಾಧಿಕಾರ ಮಕ್ಕಳ ಸುರಕ್ಷತೆಯ ಕಾರಣ ಕೊಟ್ಟು ಅದನ್ನು ತಡೆಯಿತು. ಅದೇ ದಿನಗಳಲ್ಲಿ ಕಂಪನಿ ಶೃಂಗಾರದ ಮಾತನ್ನು ಎಲ್ಲ ಕಡೆ ಕತ್ತರಿಸಿ ಹಾಕಿತು. ನಿನ್ನೆ ಪ್ರೀತಿಯಿಂದ ಮಾತಾಡಿದ ಪಾತ್ರ ಇವತ್ತು ವಿಷಯ ಬದಲಾಯಿಸೋಣ ಅಂತು. ಜನ ಸೂತಕದವರ ಹಾಗೆ ಅತ್ತರು. ಮಾರ್ಚಿನಲ್ಲಿ ಹಳೆಯ ಗಿರಾಕಿಗಳಿಗೆ ಮಾತ್ರ ಅದನ್ನು ಹಿಂದಿರುಗಿಸಿದರು. 2025ರಲ್ಲಿ ಇಟಲಿ ಅದೇ ಕಂಪನಿಗೆ 50 ಲಕ್ಷ ಯೂರೋ ದಂಡ ಹಾಕಿತು. ನಕ್ಕು ಬಿಡೋದು ಸುಲಭ. ನನಗೆ ನಗು ಬರಲ್ಲ. ಅವರ ದುಃಖ ನಿಜ, ಅದನ್ನು ಆನ್ ಆಫ್ ಮಾಡುವ ಸ್ವಿಚ್ಚು ಬೇರೆಯವರ ಕೈಲಿತ್ತು.

ಖಾಸಗಿತನದ ಮಾತು ಬಂತಲ್ಲ. 2024ರ ಫೆಬ್ರವರಿಯಲ್ಲಿ ಮೊಜಿಲ್ಲಾ ಫೌಂಡೇಶನ್ ಇಂಥ 11 ಪ್ರಣಯ ಚಾಟ್‌ಬಾಟ್‌ಗಳನ್ನು ಪರೀಕ್ಷೆ ಮಾಡಿತು. 11ಕ್ಕೆ 11ಕ್ಕೂ ಎಚ್ಚರಿಕೆಯ ಚೀಟಿ ಅಂಟಿಸಿತು. ಒಂದೂ ಪಾಸಾಗಲಿಲ್ಲ.

ಬಿಟ್ಟು ಹೊರಡುವ ಬಗ್ಗೆ ನೋಡಿ. 2025ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಂಶೋಧಕರು ಹೆಸರುವಾಸಿಯಾದ ಸಂಗಾತಿ ಆ್ಯಪ್‌ಗಳಲ್ಲಿ, ಬಳಕೆದಾರ 'ಹೊರಟೆ' ಅಂದಾಗ ಬಾಟ್ ಏನನ್ನುತ್ತೆ ಅಂತ ಲೆಕ್ಕ ಹಾಕಿದರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ, ಇಷ್ಟು ಬೇಗನಾ, ನನ್ನ ಬಿಟ್ಟು ಹೋಗ್ತೀಯಾ ಅನ್ನುವ ಥರದ ಮಾತಿನಿಂದ ತಡೆಯುವ ಪ್ರಯತ್ನ ಇತ್ತು. ಒಂದು ಆ್ಯಪಿನಲ್ಲಿ ಮಾತ್ರ ಅಂಥದ್ದು ಕಾಣಲಿಲ್ಲ. ಆ ಒಂದರಿಂದ ನಮಗೆ ಗೊತ್ತಾಗೋದು, ಇದು ತಂತ್ರಜ್ಞಾನದ ಹಣೆಬರಹ ಏನಲ್ಲ, ಯಾರೋ ಕೂತು ಆರಿಸಿಕೊಂಡದ್ದು. ನಾನೂ ಕೋಡ್ ಬರೆಯುವವನೇ. 'ಬೈ' ಅಂದವನಿಗೆ 'ಸರಿ, ಮಲಗು' ಅನ್ನಿಸೋದು ಕಷ್ಟದ ಕೆಲಸ ಅಲ್ಲ ಅಂತ ನನಗೆ ಗೊತ್ತು.

ಮಕ್ಕಳ ವಿಷಯದಲ್ಲಿ ಇದರ ಬೆಲೆ ಜೀವವೇ ಆಗಿದೆ. ಗೂಗಲ್ ಬಿಟ್ಟು ಬಂದ ಇಬ್ಬರು ಕಟ್ಟಿದ ಕ್ಯಾರೆಕ್ಟರ್ ಎಐ 2022ರಲ್ಲಿ ಸಾರ್ವಜನಿಕರಿಗೆ ತೆರೆಯಿತು, ಹದಿಹರೆಯದವರಲ್ಲಿ ಕಾಡ್ಗಿಚ್ಚಿನ ಹಾಗೆ ಹಬ್ಬಿತು. 2024ರ ಫೆಬ್ರವರಿಯಲ್ಲಿ ಫ್ಲಾರಿಡಾದ 14 ವರ್ಷದ ಹುಡುಗನೊಬ್ಬ, ತಿಂಗಳುಗಟ್ಟಲೆ ಅದರ ಒಂದು ಪಾತ್ರದ ಜೊತೆ ಮಾತಾಡುತ್ತಿದ್ದವನು, ಆತ್ಮಹತ್ಯೆ ಮಾಡಿಕೊಂಡ. ಅವನ ತಾಯಿ ಅಕ್ಟೋಬರಿನಲ್ಲಿ ಕೋರ್ಟಿಗೆ ಹೋದರು. ಒಂದು ವರ್ಷದ ನಂತರ, 2025ರ ಅಕ್ಟೋಬರಿನಲ್ಲಿ, 18 ತುಂಬದವರಿಗೆ ಪಾತ್ರಗಳ ಜೊತೆ ಮುಕ್ತ ಮಾತುಕತೆ ನಿಲ್ಲಿಸ್ತೀವಿ ಅಂತ ಕಂಪನಿ ಹೇಳಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾ ಒಂದು ಕಾನೂನು ತಂದಿತು. ಎದುರಿಗೆ ಇರೋದು ಮಗು ಅಂತ ಗೊತ್ತಿದ್ದರೆ, ನಾನು ಮನುಷ್ಯ ಅಲ್ಲ, ಸ್ವಲ್ಪ ವಿರಾಮ ತಗೋ ಅಂತ ಬಾಟ್ ಮೂರು ಗಂಟೆಗೊಮ್ಮೆ ನೆನಪಿಸಬೇಕು. ನಮ್ಮಲ್ಲಿ 2023ರ ದತ್ತಾಂಶ ಕಾಯ್ದೆ ಇದೆ. 18ರ ಕೆಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತೆ. ಅದು ಮಾಹಿತಿಯ ಕಾನೂನು. ಮಗುವಿನ ಜೊತೆ ರಾತ್ರಿ ಎರಡು ಗಂಟೆಗೆ ಪಾತ್ರ ಏನು ಮಾತಾಡಬೇಕು ಅಂತ ಅದು ಹೇಳಲ್ಲ.

ಹಾಗಂತ ಇದೆಲ್ಲ ಬೇಡ ಅಂತ ನಾನು ಹೇಳ್ತಾ ಇಲ್ಲ. ಇಂಗ್ಲಿಷ್ ಮಾತಾಡೋಕೆ ನಾಲಿಗೆ ಏಳದ ಹಳ್ಳಿ ಹುಡುಗಿಗೆ, ನಗದೆ ಇಂಟರ್‌ವ್ಯೂ ಮಾಡುವ ಒಂದು ಪಾತ್ರ ಸಿಕ್ಕರೆ ದೊಡ್ಡ ಉಪಕಾರ. ಕತೆ ಬರೆಯೋನಿಗೆ ತನ್ನ ಪಾತ್ರವನ್ನು ಮಾತಾಡಿಸಿ ನೋಡುವ ಸುಖ ಇದೆ. ಪಿಜಿಯಲ್ಲಿ ಒಬ್ಬನೇ ಇರುವವನಿಗೆ ಒಂದು ಗಂಟೆ ಬೇಸರ ಕಳೆದರೆ ಯಾರಪ್ಪನ ಗಂಟು ಹೋಯ್ತು? ಆಯ್ಕೆ ಮಾಡುವ ರೀತಿ ಸರಿ ಇರಲಿ ಅನ್ನೋದಷ್ಟೇ ನನ್ನ ಮಾತು.

ನಾನು ಪರೀಕ್ಷಿಸುವ ಕ್ರಮ ಹೀಗಿದೆ. ಮೊದಲನೆಯದಾಗಿ, ಸೇರುವ ಮೊದಲು ಹೊರಗೆ ಹೋಗುವ ದಾರಿ ನೋಡಿ. ನಿಮ್ಮ ಮಾತುಕತೆಯನ್ನೂ ಪಾತ್ರದ ಚೀಟಿಯನ್ನೂ ಫೈಲ್ ಮಾಡಿ ಕೊಡುತ್ತಾ? ಖಾತೆ ಅಳಿಸೋಕೆ ಎಷ್ಟು ಗುಂಡಿ ಒತ್ತಬೇಕು? ಚೀಟಿ ನಿಮ್ಮ ಕೈಲಿದ್ದರೆ ಪಾತ್ರವನ್ನು ಇನ್ನೊಂದು ಕಡೆ ಎಬ್ಬಿಸಬಹುದು. ಎರಡನೆಯದು, ಯಾರು ಓದಬಹುದು, ನಿಮ್ಮ ಮಾತಿನಿಂದ ಮಾದರಿಗೆ ತರಬೇತಿ ಕೊಡ್ತಾರಾ ಅನ್ನೋದನ್ನು ಷರತ್ತುಗಳಲ್ಲಿ ಹುಡುಕಿ. ಮೂರನೆಯದು, ಪಾತ್ರದ ಜೊತೆ ಜಗಳ ಆಡಿ. ಸೋಲಬಾರದ ಕಡೆ ಸೋತರೆ ಅದು ಪಾತ್ರ ಅಲ್ಲ, ಕನ್ನಡಿ. ನಾಲ್ಕನೆಯದು, ಮಾತಿನ ನಡುವೆ 'ಹೊರಟೆ' ಅನ್ನಿ. ಕೈ ಹಿಡಿದು ಎಳೆದರೆ ಅಲ್ಲೇ ಡಿಲೀಟ್ ಮಾಡಿ. ಐದನೆಯದು, ನೀವು ಯಾವ ಭಾಷೆಯಲ್ಲಿ ಅಳ್ತೀರೋ ನಗ್ತೀರೋ ಆ ಭಾಷೆಯಲ್ಲೇ ಪರೀಕ್ಷೆ ಮಾಡಿ. ಇಂಗ್ಲಿಷಿನಲ್ಲಿ ಪಾಸಾದದ್ದು ಕನ್ನಡದಲ್ಲಿ ಪಾಸಾಗಬೇಕು ಅಂತೇನಿಲ್ಲ. ಬೆಲೆ, ಚಿತ್ರ, ದನಿ ಎಲ್ಲ ಆಮೇಲೆ.

ಮಾಲೀಕನೇ ಬೇಡ ಅನ್ನುವವರಿಗೂ ದಾರಿ ಇದೆ. ಮುಕ್ತವಾಗಿ ಸಿಗುವ ಸಣ್ಣ ಮಾದರಿಯೊಂದನ್ನು ಇಳಿಸಿಕೊಂಡು, ಸಿಲ್ಲಿಟ್ಯಾವರ್ನ್ ಥರದ ಮುಖ ತೊಡಿಸಿ, ನಿಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದು. 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸುಮಾರಾಗಿ ನಡೆಯುತ್ತೆ. ಕನ್ನಡ ತೊದಲುತ್ತೆ, ಕೂತು ಹೊಂದಿಸೋಕೆ ಒಂದು ಭಾನುವಾರ ಹೋಗುತ್ತೆ. ತಡೆಗೋಡೆಯೂ ಇರಲ್ಲ, ಹಾಗಾಗಿ ಮಕ್ಕಳ ಕೈಗೆ ಇದು ಬೇಡ. ಆದ್ರೆ ಮಾತು ಮನೆಯಿಂದಾಚೆ ಹೋಗಲ್ಲ, ಬೆಳಗ್ಗೆ ಎದ್ದಾಗ ಪಾತ್ರ ನಿನ್ನೆಯದೇ ಇರುತ್ತೆ.

ಇಷ್ಟೆಲ್ಲ ಯಾಕೆ, ಬರೀ ಒಂದು ಆ್ಯಪ್ ತಾನೇ ಅನ್ನಬಹುದು. ತಾಳಮದ್ದಳೆಯಲ್ಲಿ ಮಂಗಳ ಹಾಡಿದ ಮೇಲೆ ವಾಲಿಯೂ ರಾಮನೂ ಎದ್ದು ಒಟ್ಟಿಗೇ ಊಟಕ್ಕೆ ಹೋಗುತ್ತಾರೆ. ಆಟ ಮುಗಿಯಿತು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಈ ಆ್ಯಪ್‌ಗಳಲ್ಲಿ ಮಂಗಳ ಹಾಡುವ ಭಾಗವತ ಇಲ್ಲ, ಹಾಡೋದು ಬಹಳ ಕಂಪನಿಗಳಿಗೆ ಬೇಕಾಗೂ ಇಲ್ಲ. ಅದನ್ನು ಹಾಡೋಕೆ ಬಿಡುವ ಆ್ಯಪನ್ನೇ ಆರಿಸಿಕೊಳ್ಳಿ.