ಸೆರೆಯಲ್ಲಿ ಬರೆದ ಯೂರೋಪಿನ ಇತಿಹಾಸ

ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಹೆನ್ರಿ ಪಿರೆನ್ನರನ್ನು ಜರ್ಮನ್ ಸೈನ್ಯಾಧಿಕಾರಿಗಳು 1916ರ ಮಾರ್ಚ್ ತಿಂಗಳಲ್ಲಿ ಬಂಧಿಸಿ ಜರ್ಮನಿಗೆ ಸಾಗಿಸಿದರು. ಅದಕ್ಕೆ ಮೊದಲೇ, 1914ರಲ್ಲಿ, ಅವರ ಮಗನೊಬ್ಬನು ರಣರಂಗದಲ್ಲಿ ಮಡಿದಿದ್ದನು. ತಮ್ಮ ಗ್ರಂಥಭಂಡಾರವಾಗಲಿ ಟಿಪ್ಪಣಿಗಳಾಗಲಿ ಕೈಗೆಟುಕದ ಆ ಸ್ಥಿತಿಯಲ್ಲಿ ಅವರು ಯೂರೋಪಿನ ಇತಿಹಾಸವೊಂದನ್ನು ಬರೆಯತೊಡಗಿದರು. 1918ರಲ್ಲಿ ಯುದ್ಧವು ಮುಗಿದಾಗ ಬರಹವು ಹದಿನಾರನೆಯ ಶತಮಾನದಲ್ಲಿಯೇ ನಿಂತಿತು. ಅವರು ತೀರಿಕೊಂಡ ಮರುವರ್ಷ, 1936ರಲ್ಲಿ, ಪುತ್ರ ಜಾಕ್ ಪಿರೆನ್ ಅದನ್ನು ಪ್ರಕಟಿಸಿದರು.

ಈ ಗ್ರಂಥದ ಪ್ರಸ್ತಾಪ ಬಂದಾಗ ಲೇಖಕರ ಧೈರ್ಯವನ್ನು ಕೊಂಡಾಡುವುದು ಸಹಜ. ಆದರೆ ಅದು ವಿಮರ್ಶೆಯೆನಿಸದು. ಪುಸ್ತಕಗಳ ಅಭಾವದಿಂದಾಗಿ ಇಲ್ಲಿ ಬಿಡಿವಿವರಗಳು ಹಿಂದೆ ಸರಿದು, ವಾಣಿಜ್ಯ, ನಗರ, ಚರ್ಚು, ರಾಜ್ಯ ಇವುಗಳ ಪರಸ್ಪರ ಸಂಬಂಧವು ಸ್ಪಷ್ಟವಾಗಿ ಎದ್ದುಕಾಣುತ್ತದೆ. ಅದೇ ಅಭಾವದಿಂದಾಗಿ ಆಧಾರಗಳನ್ನು ಒರೆಗೆ ಹಚ್ಚಿ ನೋಡುವ ಅವಕಾಶವು ಓದುಗನಿಗೆ ತಪ್ಪಿಹೋಗಿದೆ. ಸೆರೆವಾಸದ ಹೆಸರಿನಲ್ಲಿ ಈ ಕೊರತೆಯನ್ನು ಮರೆಸುವುದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಆ ಸ್ಥೈರ್ಯವು ಎಲ್ಲಿಂದ ಬಂದಿತು? ಶಿಬಿರದಲ್ಲಿ ಅವರು ಸಹಬಂದಿಗಳಿಗೆ ಪಾಠ ಹೇಳಿದರು. ರಷ್ಯದ ಬಂದಿಗಳಿಂದ ಅವರ ಭಾಷೆಯನ್ನು ಕಲಿತರು. ದಿನದ ವೇಳೆಯನ್ನು ಕೆಲಸಗಳಿಗೆ ಹಂಚಿಕೊಂಡು ಆ ನಿಯಮಕ್ಕೆ ಅಂಟಿಕೊಂಡರು. ಬಿಡುಗಡೆ ಎಂದೆಂದು ತಿಳಿಯದ ಮನುಷ್ಯನಿಗೆ ನಾಳೆ ಬರೆಯಬೇಕಾದ ಅಧ್ಯಾಯವೇ ಊರುಗೋಲಾಯಿತೆಂದು ನಾವು ಊಹಿಸುತ್ತೇವೆ. ಇದು ವೀರರಿಗೆ ಮಾತ್ರ ಸಾಧ್ಯವಾದ ಮಾರ್ಗವಲ್ಲ. ಅಧ್ಯಾಪಕನ ನಿತ್ಯದ ಅಭ್ಯಾಸವೇ ಅಲ್ಲಿ ಮುಂದುವರಿಯಿತು. ಆದುದರಿಂದ ನಮ್ಮ ವಿದ್ಯಾರ್ಥಿಗಳು ಈ ಗ್ರಂಥವನ್ನು ಆದರದಿಂದ, ಆದರೆ ಸೀಸದಕಡ್ಡಿಯನ್ನು ಕೈಯಲ್ಲಿ ಹಿಡಿದು ತಪ್ಪುಗಳನ್ನು ಗುರುತಿಸುತ್ತ ಓದಬೇಕೆಂದು ಸೂಚಿಸುತ್ತೇವೆ. ಬರೆದವರು ಅಧ್ಯಾಪಕರು, ಅಂತಹ ಓದನ್ನು ಅವರೂ ಒಪ್ಪುತ್ತಿದ್ದರು.