ಮಠವು ಮನೆಯಾದ ಬಗೆ

ಕಟ್ಟಡವನ್ನು ನೋಡುವುದಕ್ಕೂ ಕಾವ್ಯವನ್ನು ಓದುವುದಕ್ಕೂ ಹೆಚ್ಚಿನ ಅಂತರವಿಲ್ಲವೆಂದು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಎರಡರಲ್ಲಿಯೂ ಅಂಗಾಂಗಗಳು ಒಂದಕ್ಕೊಂದು ಹೊಂದಿವೆಯೆ ಎಂಬುದೇ ಮುಖ್ಯವಾದ ಪ್ರಶ್ನೆ. ನಮ್ಮ ಆಲಂಕಾರಿಕರು ಇದನ್ನು ಔಚಿತ್ಯವೆಂದು ಕರೆದರು. ಆದರೆ ಒಬ್ಬರು ಒಂದು ಉದ್ದೇಶಕ್ಕೆಂದು ಕಟ್ಟಿದ್ದನ್ನು ಇನ್ನೊಬ್ಬರು ಬೇರೊಂದು ಉದ್ದೇಶಕ್ಕೆ ತಿರುಗಿಸಿಕೊಂಡಾಗ ಔಚಿತ್ಯವನ್ನು ಯಾರ ಕಡೆಯಿಂದ ಅಳೆಯಬೇಕು? ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಲೇಕಾಕ್ ಅಬ್ಬೆಯನ್ನು ನೋಡಿ ಬಂದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹೆಸರಿಗೆ ಅದು ಅಬ್ಬೆ, ಅಂದರೆ ಮಠ; ವಾಸ್ತವವಾಗಿ ನಾನೂರು ವರ್ಷ ಸಿರಿವಂತರು ಬಾಳಿದ ಮನೆ. ಸಾಲ್ಸ್‌ಬರಿಯ ಕೌಂಟೆಸ್ ಈಲಾ ಎಂಬವಳು ಗಂಡ ವಿಲಿಯಂ ಲಾಂಗೆಸ್ಪೆ 1226ರಲ್ಲಿ ತೀರಿಕೊಂಡ ಮೇಲೆ, 1232ರಲ್ಲಿ, ಸಂತ ಅಗಸ್ಟೀನನ ನಿಯಮವನ್ನನುಸರಿಸುವ ಸಂನ್ಯಾಸಿನಿಯರಿಗಾಗಿ ಇದಕ್ಕೆ ಅಡಿಗಲ್ಲಿಟ್ಟಳು. ಮುಂದೆ ತಾನೇ ಅಲ್ಲಿ ಸೇರಿ ಮಠದ ಒಡತಿಯಾಗಿ, 1257ರಲ್ಲಿ ಅಧಿಕಾರ ಬಿಟ್ಟು, 1261ರಲ್ಲಿ ಕಾಲವಾದಳು. ಮೂರು ಶತಮಾನ ನಡೆದ ಈ ಸಂಸ್ಥೆಯನ್ನು ಎಂಟನೆಯ ಹೆನ್ರಿಯ ಆಳಿಕೆಯಲ್ಲಿ, 1539ರಲ್ಲಿ, ಮುಚ್ಚಿದರು. ಸಂನ್ಯಾಸಿನಿಯರಿಗೆ ವರ್ಷಾಶನ ಗೊತ್ತುಮಾಡಿ ಕಳುಹಿಸಿದ್ದಾಯಿತು. ಕಟ್ಟಡವನ್ನೂ ಅದರ ಭೂಮಿಯನ್ನೂ ಸರ್ ವಿಲಿಯಂ ಶ್ಯಾರಿಂಗ್ಟನ್ ಎಂಬ ಆಸ್ಥಾನಿಕ 783 ಪೌಂಡಿಗೆ ಕೊಂಡುಕೊಂಡ.

ನನ್ನೊಡನೆ ಬಂದಿದ್ದ ತಮ್ಮ ಒಳಗೆಲ್ಲ ಒಂದು ಸುತ್ತು ಬಂದು, “ಅಣ್ಣ, ಇಷ್ಟು ದೊಡ್ಡ ಮಠದಲ್ಲಿ ದೇವರಮನೆ ಎಲ್ಲಿ?” ಎಂದು ಕೇಳಿದ. ನಾನು ಹೊರಗೆ ಕರೆತಂದು ದಕ್ಷಿಣದ ಹುಲ್ಲುಹಾಸನ್ನು ತೋರಿಸಿದೆ. ಚರ್ಚು ಇದ್ದದ್ದು ಅಲ್ಲಿಯೇ. ಶ್ಯಾರಿಂಗ್ಟನ್ ಅದನ್ನು ಕೆಡವಿಸಿದ. ಅದರ ಉತ್ತರದ ಗೋಡೆಯೊಂದನ್ನು ಮಾತ್ರ ಉಳಿಸಿಕೊಂಡ. ಚರ್ಚಿನ ಉತ್ತರದ ಗೋಡೆ ಹೀಗೆ ಮನೆಯ ದಕ್ಷಿಣದ ಗೋಡೆಯಾಯಿತು!

ಮಿಕ್ಕ ಭಾಗವನ್ನು ಆತ ಬಳಸಿಕೊಂಡ ಜಾಣ್ಮೆಯನ್ನು ಒಪ್ಪಲೇಬೇಕು. ಮಠದಲ್ಲಿ ಚೌಕಾಕಾರದ ಅಂಗಳ. ಸುತ್ತ ಕಮಾನಿನ ಚಾವಣಿಯ ಕೈಸಾಲೆ. ಅದರ ಹಿಂದೆ ಸಭೆಯ ಕೋಣೆ, ಚಳಿಗಾಲದಲ್ಲಿ ಬೆಂಕಿ ಕಾಯಿಸಿಕೊಳ್ಳುವ ಕೋಣೆ ಮೊದಲಾದವು. ಮಲಗುವ ಸಾಲೆ, ಊಟದ ಸಾಲೆ ಇವೆರಡೂ ಮಹಡಿಯ ಮೇಲೆ. ಶ್ರೀಮಂತ ಗೃಹಸ್ಥನಿಗೂ ಬೇಕಾದದ್ದು ಮಹಡಿಯೇ. ಆದ್ದರಿಂದ ಆತ ಮೇಲಿನ ಸಾಲೆಗಳನ್ನು ತನ್ನ ಕೊಠಡಿಗಳನ್ನಾಗಿ ಮಾರ್ಪಡಿಸಿ, ಕೆಳಗಿನದನ್ನು ಹೆಚ್ಚುಕಡಮೆ ಇದ್ದಂತೆಯೇ ಬಿಟ್ಟ. ಹದಿನೈದನೆಯ ಶತಮಾನದ ಕೈಸಾಲೆ ಇಂದಿಗೂ ಉಳಿದಿರುವುದು ಈ ಕಾರಣದಿಂದ. ನಮ್ಮಲ್ಲಿ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಹಾಕಿದ ವಸ್ತು ಯಾರ ಕಣ್ಣಿಗೂ ಬೀಳದೆ ಉಳಿಯುವುದುಂಟಲ್ಲವೆ? ಇಲ್ಲಿ ಅಟ್ಟವಾದದ್ದು ನೆಲದಂತಸ್ತು, ಅಷ್ಟೆ.

ಶ್ಯಾರಿಂಗ್ಟನ್ ಹೊಸದಾಗಿ ಸೇರಿಸಿದ್ದರಲ್ಲಿ ಮುಖ್ಯವಾದದ್ದು ಆಗ್ನೇಯ ಮೂಲೆಯ ಎಂಟು ಮೈಯ ಗೋಪುರ. ಇಟಲಿಯ ನವೋದಯದ ಅಲಂಕಾರ ಇಂಗ್ಲೆಂಡಿನಲ್ಲಿ ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ ಆತ ಅದನ್ನು ಇಲ್ಲಿಗೆ ತರಿಸಿದ. ಕಲ್ಲಿನ ಮೇಜು, ಅದನ್ನು ಹೊತ್ತು ಕುಕ್ಕರಿಸಿದ ವಿಕಾರ ಪುರುಷರು, ಮನೆತನದ ಲಾಂಛನವಾದ ಚೇಳು — ಎಲ್ಲವೂ ನುರಿತ ಕೈಯ ಕೆಲಸ. ತುದಿಯ ಕೋಣೆಗೆ ಹೋಗಲು ಮನೆಯ ಚಾವಣಿಯ ಮೇಲೆಯೇ ನಡೆದುಹೋಗಬೇಕು. ಆತ್ಮವಿಚಾರಕ್ಕೆಂದು ಒಳಗಿನ ಅಂಗಳಕ್ಕೆ ಮುಖಮಾಡಿದ್ದ ಕಟ್ಟಡವನ್ನು ಈ ಗೋಪುರ ತನ್ನ ಹೊಲಗದ್ದೆಗಳ ಕಡೆಗೆ ತಿರುಗಿಸಿತು. ಈತ ಬ್ರಿಸ್ಟಲಿನ ಟಂಕಸಾಲೆಯಲ್ಲಿ ಮೋಸಮಾಡಿ 1549ರಲ್ಲಿ ಸೆರೆಸಿಕ್ಕಿದನೆಂಬುದನ್ನೂ ಕ್ಷಮೆ ಪಡೆದು ಹಣ ತೆತ್ತು ಆಸ್ತಿಯನ್ನು ಬಿಡಿಸಿಕೊಂಡನೆಂಬುದನ್ನೂ ಇಲ್ಲಿ ನೆನೆಯಬಹುದು. ಶೀಲಕ್ಕೂ ಅಭಿರುಚಿಗೂ ಗಂಟುಹಾಕುವ ವಿಮರ್ಶಕರಿಗೆ ಈ ಗೋಪುರ ತೊಡಕಿನ ಉದಾಹರಣೆ.

ಎರಡು ಶತಮಾನಗಳ ಮೇಲೆ ಮನೆ ಟಾಲ್ಬಟ್ ವಂಶದವರ ಕೈಯಲ್ಲಿದ್ದಾಗ, ಜಾನ್ ಐವರಿ ಟಾಲ್ಬಟ್ ಸ್ಯಾಂಡರ್ಸನ್ ಮಿಲ್ಲರನಿಂದ ನಕ್ಷೆ ಹಾಕಿಸಿ, 1750ರ ದಶಕದಲ್ಲಿ, ಗಾಥಿಕ್ ಶೈಲಿಯ ದೊಡ್ಡ ಹಜಾರವೊಂದನ್ನು ಕಟ್ಟಿಸಿದ. ಗೋಡೆಯ ಗೂಡುಗಳಲ್ಲಿ ಸುಟ್ಟ ಮಣ್ಣಿನ ಬೊಂಬೆಗಳು ನಿಂತಿವೆ. ನೋಡಲು ಉಲ್ಲಾಸವೇನೋ ಆಗುತ್ತದೆ. ಆದರೆ ನನಗೆ ಅದು ನಾಟಕದ ಪರದೆಯಂತೆ ಕಂಡಿತು. ನಿಜವಾದ ಗಾಥಿಕ್ ಚರ್ಚನ್ನು ಕೆಡವಿದ ಮನೆಗೆ ಶೋಕಿಯ ಗಾಥಿಕ್ ಹಜಾರ! ಹಳಗನ್ನಡದ ಓಲೆಯನ್ನು ಒಲೆಗೆ ಹಾಕಿ, ಆಮೇಲೆ ಹಳಗನ್ನಡದಲ್ಲಿ ಪದ್ಯ ಹೊಸೆದಂತೆ.

ಇನ್ನು ಪ್ರಸಿದ್ಧವಾದ ಕಿಟಕಿ. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1830ರ ಸುಮಾರಿಗೆ ಆ ದಕ್ಷಿಣದ ಗೋಡೆಯಲ್ಲಿ ಮುಂಚಾಚಿದ ಕಿಟಕಿಗಳನ್ನು ಇಡಿಸಿದ. 1835ರ ಆಗಸ್ಟಿನಲ್ಲಿ ಅವುಗಳಲ್ಲೊಂದರ ಚಿತ್ರವನ್ನು ಅಂಚೆಚೀಟಿಯಷ್ಟು ಕಾಗದದ ಮೇಲೆ ಹಿಡಿದ. ಈಗ ಉಳಿದಿರುವ ನೆಗೆಟಿವ್‌ಗಳಲ್ಲೆಲ್ಲ ಅದೇ ಹಳೆಯದು. ಮೊದಮೊದಲು ಅದರಲ್ಲಿ ಕಿಟಕಿಯ ಸುಮಾರು ಇನ್ನೂರು ಗಾಜಿನ ಹಲಕುಗಳನ್ನು ಭೂತಗನ್ನಡಿಯಿಂದ ಎಣಿಸಬಹುದಾಗಿತ್ತಂತೆ. ಛಾಯಾಗ್ರಹಣದ ಚರಿತ್ರೆಯನ್ನು ಬರೆಯುವವರೆಲ್ಲ ಈ ಕಿಟಕಿಯನ್ನು ಕೊಂಡಾಡುತ್ತಾರೆ, ಕೊಂಡಾಡಬೇಕಾದದ್ದೇ. ಆದರೆ ಆ ಕಿಟಕಿಯ ಎದುರು ನಿಂತಾಗ ನನಗೆ ಹೊಳೆದದ್ದು ಬೇರೆ: ಈ ಬೆಳಕು ಎಲ್ಲಿಂದ ಬಂತು? ಚರ್ಚು ನಿಂತಿದ್ದರೆ ಈ ಗೋಡೆಯ ಆಚೆಗೆ ಬಿಸಿಲಿರುತ್ತಿರಲಿಲ್ಲ, ಸಂನ್ಯಾಸಿನಿಯರ ಪ್ರಾರ್ಥನೆಯಿರುತ್ತಿತ್ತು. ಕೆಡವಿದ ಜಾಗದಿಂದ ಒಳಗೆ ಬಂದ ಬೆಳಕೇ ಆ ಚೂರು ಕಾಗದದ ಮೇಲೆ ಬಿದ್ದದ್ದು.

ಹಾಗಾದರೆ ಈ ಮನೆಯನ್ನು ಮೆಚ್ಚಬೇಕೆ, ಬೇಡವೆ? ಒಳಗೆ ಅಡಿಯಿಟ್ಟಾಗ ನಾನು ಮೆಚ್ಚುವುದಕ್ಕೇ ಸಿದ್ಧನಾಗಿದ್ದೆ. ಇದೇ ಕಾಲದಲ್ಲಿ ಮುಚ್ಚಿದ ಎಷ್ಟೋ ಮಠಗಳು ಹಾಳುಗೋಡೆಗಳಾಗಿ ನಿಂತಿವೆ. ಇದಕ್ಕೆ ಸೂರು ಉಳಿದಿದೆ. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಇದನ್ನು ನ್ಯಾಷನಲ್ ಟ್ರಸ್ಟಿಗೆ ಕೊಟ್ಟುದರಿಂದ ನನ್ನಂತಹ ಪರದೇಶದವನೂ ಒಳಗೆ ಹೋಗಿ ನೋಡುವಂತಾಯಿತು. ಆದರೆ ಏನು ಉಳಿಯಿತು, ಏನು ಹೋಯಿತು ಎಂದು ಲೆಕ್ಕಹಾಕಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಗೃಹಸ್ಥನಿಗೆ ಉಪಯೋಗವಾದದ್ದು ಉಳಿಯಿತು. ಅವನಿಗೆ ಅಡ್ಡಿಯಾಗದ್ದು ತಾನಾಗಿ ಉಳಿಯಿತು. ಸಂನ್ಯಾಸಿನಿಯರ ಬಾಳಿಗೆ ಯಾವುದು ಕೇಂದ್ರವಾಗಿತ್ತೋ ಅದು ಹೋಯಿತು. ಇದನ್ನು ಸಂರಕ್ಷಣೆಯೆಂದು ಹೊಗಳುವುದು ಅತಿಮಾತು. ಔಚಿತ್ಯವೆಂಬ ನನ್ನ ಅಳತೆಗೋಲು ಅಂಗಗಳ ಹೊಂದಿಕೆಯನ್ನು ಅಳೆದೀತು. ಹೊಂದಿಸುವುದಕ್ಕಾಗಿ ಕಡಿದುಹಾಕಿದ್ದನ್ನು ಅಳೆಯಲಾರದು. ತರಗತಿಯಲ್ಲಿ ಇನ್ನು ಮೇಲೆ ಇದನ್ನೂ ಸೇರಿಸಿ ಹೇಳಬೇಕು.

ಕೈಸಾಲೆಯಲ್ಲಿ ಮಕ್ಕಳ ಗದ್ದಲವೋ ಗದ್ದಲ. 2001ರಲ್ಲಿ ತೆರೆಕಂಡ ಹ್ಯಾರಿ ಪಾಟರ್ ಚಿತ್ರದ ಕೆಲವು ದೃಶ್ಯಗಳನ್ನು ಅಲ್ಲಿ ತೆಗೆದರಾಗಿ, ಅವರು ಬರುವುದು ಅದಕ್ಕೆ. ಅವರ ಓಡಾಟದ ನಡುವೆಯೇ ಈಲಾಳ ಸಮಾಧಿಯ ಕಲ್ಲು ಇದೆ. ಆಕೆಯನ್ನು ಹೂಳಿದ್ದು ಚರ್ಚಿನಲ್ಲಿ. ಚರ್ಚು ಹೋದ ಮೇಲೆ ಕಲ್ಲು ಇಲ್ಲಿಗೆ ಬಂತು. ತಾನು ಕಟ್ಟಿಸಿದ ಮಠದಲ್ಲಿಯೇ ಆಕೆಯ ಕಲ್ಲು ಜಾಗ ಬದಲಾಯಿಸಬೇಕಾಯಿತು. ಅಲ್ಲಿಗೆ ಹೋಗುವ ನಮ್ಮವರು ಕಿಟಕಿಯನ್ನೂ ಗೋಪುರವನ್ನೂ ಅವಶ್ಯವಾಗಿ ನೋಡಲಿ. ಆದರೆ ಮೊದಲು ದಕ್ಷಿಣದ ಹುಲ್ಲುಹಾಸಿನ ಮೇಲೆ ಐದು ನಿಮಿಷ ನಿಂತು, ಆಮೇಲೆ ಒಳಗೆ ಹೋಗಲಿ.