ಅಳೆಯುವುದು ಸಾಕ್ಷಿಯೇ? ಕ್ವಾಂಟಂ ಮಾಪನದ ಪರಿಭಾಷಾವಿಮರ್ಶೆ

ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರ ಸುಮಾರಿಗೆ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡದ ಭೌತಶಾಸ್ತ್ರಪರಿಭಾಷೆಗೆ ಸಂಸ್ಕೃತವು ಮುಖ್ಯವಾದ ಆಕರವಾಗಿದೆ. ಇದರಿಂದಾದ ಉಪಕಾರವು ದೊಡ್ಡದು. ಆದರೆ ದರ್ಶನಗಳಲ್ಲಿ ರೂಢವಾದ ಪದವು ಹೊಸ ಶಾಸ್ತ್ರಕ್ಕೆ ಬರುವಾಗ ತನ್ನ ಹಳೆಯ ಅರ್ಥವನ್ನೂ ಒಡನೆಯೇ ತರುವುದು. ಕ್ವಾಂಟಂ ಮಾಪನದಲ್ಲಿ ಅಳೆಯುವ ಪಕ್ಷವನ್ನು ‘ಸಾಕ್ಷಿ’ ಎಂದು ಕರೆದು ವೇದಾಂತದ ಸಾಕ್ಷಿಚೈತನ್ಯದೊಡನೆ ಸಮೀಕರಿಸುವುದು ಯುಕ್ತವೇ ಎಂಬುದು ಇಲ್ಲಿ ವಿಚಾರಣೀಯ.

ವೈಯಾಕರಣರ ಮತದಲ್ಲಿ ಸಾಕ್ಷಿಯೆಂದರೆ ನೇರಾಗಿ ಕಾಣುವವನು. ಸಾಂಖ್ಯರು ಪುರುಷನನ್ನು ಸಾಕ್ಷಿಯೆನ್ನುವಾಗ ಅವನು ಉದಾಸೀನನು, ಅಕರ್ತೃ ಎಂದೂ ಹೇಳುವರು. ಹೀಗೆ ಚೈತನ್ಯ, ಔದಾಸೀನ್ಯ ಎಂಬೆರಡು ಧರ್ಮಗಳು ಈ ಪದದಲ್ಲಿ ಅಡಗಿವೆ. ಇವು ಪ್ರಯೋಗದ ಮುಂದೆ ನಿಲ್ಲುವುವೇ?

ಇಸ್ರೇಲಿನ ವೈಜ್ಮನ್ ಸಂಸ್ಥೆಯಲ್ಲಿ ಮೋಟಿ ಹೈಬ್ಲುಂ ಅವರ ತಂಡವು 2003ರಲ್ಲಿ ಎಲೆಕ್ಟ್ರಾನುಗಳ ವ್ಯತಿಕರಣಮಾಪಕವೊಂದನ್ನು ಪ್ರಕಟಪಡಿಸಿತು. ಅತಿಶೀತದಲ್ಲಿ, ಬಲವಾದ ಕಾಂತಕ್ಷೇತ್ರದಲ್ಲಿ, ಅರೆವಾಹಕದ ಅಂಚುಗಳೇ ಹಾದಿಗಳಾಗುವುವು. ಎಲೆಕ್ಟ್ರಾನಿನ ಅಲೆಯು ಒಂದು ಕವಲಿನಲ್ಲಿ ಎರಡಾಗಿ ಇನ್ನೊಂದರಲ್ಲಿ ಕೂಡುವುದು. 2014ರಲ್ಲಿ ಅದೇ ಸಂಸ್ಥೆಯವರು ಇಂಥ ಎರಡು ಮಾಪಕಗಳನ್ನು ಪಕ್ಕಪಕ್ಕದಲ್ಲಿರಿಸಿದರು. ಒಂದರ ಎಲೆಕ್ಟ್ರಾನು ಹಿಡಿದ ಹಾದಿಗೆ ಅನುಸಾರವಾಗಿ, ವಿದ್ಯುದ್ವಿಕರ್ಷಣದಿಂದ, ಇನ್ನೊಂದರ ಅಲೆಯ ಹಂತವು ಬದಲಾಗುವುದು. ಹಾದಿಯ ಗುರುತು ಹೀಗೆ ಬಿದ್ದಷ್ಟೂ ಮೊದಲನೆಯದರ ವ್ಯತಿಕರಣವು ಕುಂದುವುದು.

ಇಲ್ಲಿ ಅಳೆಯುವುದೂ ಎಲೆಕ್ಟ್ರಾನು, ಅಳೆಯಲ್ಪಡುವುದೂ ಎಲೆಕ್ಟ್ರಾನು. ಆದುದರಿಂದ ಚೈತನ್ಯದ ಅಪೇಕ್ಷೆಯಿಲ್ಲ. ಪರಸ್ಪರ ವಿಕರ್ಷಣವಿಲ್ಲದೆ ಗುರುತೇ ಬೀಳದಾದುದರಿಂದ ಔದಾಸೀನ್ಯವೂ ಇಲ್ಲ. ಯಾವುದು ಮಾನ, ಯಾವುದು ಮೇಯ ಎಂಬುದು ಪ್ರಯೋಗಕಾರನ ವಿವಕ್ಷೆಯಷ್ಟೆ.

ಲೌಕಿಕದೃಷ್ಟಾಂತದಿಂದ ಭೇದವು ಸ್ಪಷ್ಟವಾಗುವುದು. ಮೆಜೆಸ್ಟಿಕ್ಕಿನಿಂದ ಕೆಂಗೇರಿಗೆ ಬಂದವನು ಮೈಸೂರು ರಸ್ತೆಯಲ್ಲಿ ಬಂದನೋ, ವಿಜಯನಗರದ ಮೇಲೆ ಬಂದನೋ ಎಂಬುದನ್ನು ಕಂಡವರು ಹೇಳಬಹುದು. ಯಾರೂ ಕಾಣದಿದ್ದರೂ ಅವನು ಬಂದುದು ಒಂದೇ ದಾರಿಯಲ್ಲಿ; ಕಂಡವನು ಅಲ್ಲಿ ನಿಜವಾಗಿ ಸಾಕ್ಷಿ. ಎಲೆಕ್ಟ್ರಾನಿನ ವಿಷಯದಲ್ಲಿ ಹೀಗೆಂದರೆ, ರೂಢಿಯ ವ್ಯಾಖ್ಯಾನದಂತೆ, ವ್ಯತಿಕರಣವೇ ಉಪಪನ್ನವಾಗದು.

ಅಳೆಯುವುದು ಮುಟ್ಟುವುದರಿಂದ ಮಾತ್ರ ಈ ದೋಷವು ಬಂದಿತು, ಮುಟ್ಟದೆ ಅಳೆದರೆ ಸಾಕ್ಷಿತ್ವವು ಉಳಿಯುವುದೆಂದು ಪೂರ್ವಪಕ್ಷವು ಏಳಬಹುದು. ಇದಕ್ಕೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದ ಫೋಟಾನುಗಳ ಪ್ರಯೋಗವೇ ಉತ್ತರ. ಒಂದು ಹಾದಿಯನ್ನು ಮುಚ್ಚಿ, ಮುಂದೆ ಸಿಕ್ಕ ಫೋಟಾನು ಇನ್ನೊಂದರಲ್ಲಿ ಬಂದುದೆಂದು ತಿಳಿಯುವ ಈ ಕ್ರಮವು ಭಾಟ್ಟರ ಅನುಪಲಬ್ಧಿಯನ್ನು ನೆನಪಿಗೆ ತರುವುದು. ವಸ್ತುವಿಗೆ ಸದಾ ನಿಶ್ಚಿತಸ್ಥಿತಿಯುಂಟು, ಅದನ್ನು ಕದಡದೆ ಅಳೆಯಬಹುದು ಎಂಬ ಎರಡು ಊಹೆಗಳ ಮೇಲೆ ಲೆಗೆಟ್ ಮತ್ತು ಗರ್ಗ್ 1985ರಲ್ಲಿ ಹಾಕಿದ ಮೇರೆಯು ಅಲ್ಲಿಯೂ ಮೀರಿತು. ಆದುದರಿಂದ ದೋಷವು ಕೈಯ ಒರಟುತನದ್ದಲ್ಲ.

ಹಾಗಾದರೆ ಯಾವ ಪದವು ತಕ್ಕುದು? ‘ಮುದ್ರೆ’ ಎನ್ನೋಣವೆಂದರೆ ಅದರಲ್ಲಿ ಸ್ಥಿರತೆಯ ಭಾವವುಂಟು. 2014ರ ಪ್ರಯೋಗದಲ್ಲಿಯೋ ಬಿದ್ದ ಗುರುತನ್ನು ಅಳಿಸಲೂಬಹುದಾಗಿತ್ತು. ಈ ‘ಅಳಿಸು’ ಎಂಬ ಮಾತಿನಲ್ಲಿಯೂ ಎಚ್ಚರವು ಬೇಕು. ಹಲಗೆಯ ಬರಹದಂತೆ ನಡೆದುದು ಇಲ್ಲವಾಗಲಿಲ್ಲ. ಕಳೆದ ವ್ಯತಿಕರಣವು ಒಂದೊಂದು ಪ್ರವಾಹದಲ್ಲಿ ಮರಳದೆ, ಎರಡು ಮಾಪಕಗಳ ಪ್ರವಾಹಗಳ ಏರಿಳಿತಗಳನ್ನು ಜೊತೆಗೂಡಿಸಿ ನೋಡಿದಾಗ ಮಾತ್ರ ಕಾಣಬಂದಿತು.

ಇದಕ್ಕೆ ತಿಳಿಗನ್ನಡದ ಬಳಕೆಯೇ ದಾರಿ ತೋರುತ್ತದೆ. ಹಿಂದೆಗೆಯಬಹುದಾದುದಕ್ಕೆ ‘ಗುರುತು’ ಎಂದೂ, ಹಿಗ್ಗಿಸಲ್ಪಟ್ಟು ಯಂತ್ರದಲ್ಲಿ ಮತ್ತೆ ಅಳಿಸಲಾಗದಂತೆ ನಿಂತುದಕ್ಕೆ ‘ದಾಖಲೆ’ ಎಂದೂ ಹೇಳಿದರೆ, ಮಾಪನದ ಎರಡು ಮೆಟ್ಟಿಲುಗಳು ಬೇರೆಬೇರೆಯಾಗಿ ತೋರುವುವು. ಗುರುತು ಎಲ್ಲಿ ದಾಖಲೆಯಾಗುವುದೆಂಬುದೇ ಭೌತಶಾಸ್ತ್ರಜ್ಞರಲ್ಲಿ ಇನ್ನೂ ತೀರದ ವಿವಾದ. ‘ಸಾಕ್ಷಿ’ ಪದವು ಆ ಪ್ರಶ್ನೆಯನ್ನು ಕೇಳುವ ಮೊದಲೇ ಮುಚ್ಚಿಬಿಡುತ್ತದೆ. ವೇದಾಂತಕ್ಕೂ ಇದರಿಂದ ಲಾಭವಿಲ್ಲ: ಸಾಕ್ಷಿಯನ್ನು ಯಂತ್ರವಾಗಿಸಿದರೆ ಅದು ಅಕರ್ತೃವಾಗಿ ಉಳಿಯಲಾರದು. ಎರಡು ಶಾಸ್ತ್ರಗಳಿಗೂ ಗೌರವ ಸಲ್ಲಬೇಕಾದರೆ ಅವುಗಳ ಪದಗಳು ತಮ್ಮ ತಮ್ಮ ಸ್ಥಾನದಲ್ಲಿರುವುದೇ ಲೇಸು.